ಎರೆ ಮಣ್ಣಿನ ಮೇಲೆ ಓಡಿದ ಗೇಟು: ಕಪನೂರಿನ ದಾಲ್ ಮಿಲ್ಲಿನಲ್ಲಿ ನನ್ನ ಅನುಭವ

ಈ ಕೆಲಸ ಒಪ್ಪಿಕೊಂಡಾಗ ಗೇಟು ಕೂರಿಸುವ ನಮ್ಮ ಲೈನಿನ ಮೂವರು ಫೋನ್ ಮಾಡಿ ಬೈದರು. ಕಲಬುರಗಿಯ ಕಪನೂರಿನ ದಾಲ್ ಮಿಲ್ಲಿಗೆ ಆಟೋಮ್ಯಾಟಿಕ್ ಸ್ಲೈಡಿಂಗ್ ಗೇಟಾ? ಕೆಳಗೆ ಎರೆ ಮಣ್ಣು, ಮೇಲೆ ಮೇ ತಿಂಗಳ ಬಿಸಿಲು, ನಡುವೆ ತೊಗರಿ ಧೂಳು. "ಒಂದು ಮಳಿ ಬೀಳಲಿ, ಆಮ್ಯಾಲೆ ನೋಡ್ರಿ. ಟ್ರ್ಯಾಕ್ ಹಾವಿನಂಗ ಆಗ್ತದ" ಅಂದ ಸೂಪರ್ ಮಾರ್ಕೆಟ್ ಹತ್ತಿರ ಅಂಗಡಿ ಇಟ್ಟಿರುವ ಗೆಳೆಯ.

ಅವನು ಹೇಳಿದ್ದು ಸುಳ್ಳೇನಲ್ಲ. ಮೊದಲ ಮಳೆಗಾಲಕ್ಕೆ ಹಾಗೇ ಆಯಿತು. ಆಮೇಲೆ ಎಲ್ಲಾ ಕಿತ್ತು ಮತ್ತೆ ಮಾಡಿದೆ. ಅಲ್ಲಿಂದ ಎರಡು ಮಳೆಗಾಲ, ಎರಡು ತೊಗರಿ ಸೀಸನ್ ದಾಟಿವೆ. ಗೇಟು ಓಡುತ್ತಿದೆ.

ಗೇಟು 6 ಮೀಟರ್ ಉದ್ದ, ತೂಕ 650 ಕೆಜಿ ಇರಬಹುದು. ಮೊದಲ ಸಲ ಮಾಡಿದ ತಪ್ಪು ಈಗ ಹೇಳಿಕೊಳ್ಳೋಕೆ ನಾಚಿಕೆ. ಮಿಲ್ಲಿನಲ್ಲಿ ಹೆಂಗೂ ಶಹಾಬಾದ್ ಫರ್ಸಿ ಬಿದ್ದಿತ್ತು, ದಪ್ಪ ಕಲ್ಲು. ಅದರ ಮೇಲೇ ಆಂಕರ್ ಬೋಲ್ಟ್ ಹೊಡೆದು ಟ್ರ್ಯಾಕ್ ಕೂರಿಸಿದೆ. ಮೋಟಾರಿಗೆ ಮಾತ್ರ ಕಾಂಕ್ರೀಟ್ ಬ್ಲಾಕ್. ಡಿಸೆಂಬರಿನಲ್ಲಿ ಬೆಣ್ಣೆ ಹಾಗೆ ಓಡಿತು. ಜುಲೈ ಮಳೆಗೆ ಎರೆ ಮಣ್ಣು ಉಬ್ಬಿತು, ಫರ್ಸಿ ಎದ್ದಿತು, ಮೋಟಾರಿನ ಬ್ಲಾಕ್ ಮಾತ್ರ ಇದ್ದಲ್ಲೇ ಇತ್ತು. ಗೇಟಿಗೆ ಹೊಡೆದ ಹಲ್ಲಿನ ಪಟ್ಟಿ ರ್‍ಯಾಕ್, ಅದನ್ನು ತಳ್ಳುವ ಮೋಟಾರಿನ ಹಲ್ಲುಗಾಲಿ ಪಿನಿಯನ್. ರ್‍ಯಾಕಿಗೂ ಪಿನಿಯನ್ನಿಗೂ ಒಂದೂವರೆ ಮಿಲಿಮೀಟರ್ ಸಂದಿ ಬಿಟ್ಟಿದ್ದೆ. ಒಂದು ಕಡೆ ಅದು ಬೆರಳು ತೂರುವಷ್ಟಾಯಿತು, ಇನ್ನೊಂದು ಕಡೆ ಗೇಟಿನ ಭಾರವೆಲ್ಲ ಪಿನಿಯನ್ ಮೇಲೆ ಕೂತಿತು. ನೈಲಾನ್ ರ್‍ಯಾಕಿನ ಹಲ್ಲು ಪಟಪಟ ಉದುರಿದವು. ಹಲ್ಲಿಲ್ಲದ ಅಜ್ಜನ ಬಾಯಿ ಹಾಗೆ ಕಾಣುತ್ತಿತ್ತು.

ಎರಡನೇ ಸಲ ಜೆಸಿಬಿ ಕರೆಸಿದೆ. ಎರೆ ಮಣ್ಣು ನಾಲ್ಕು ಅಡಿ ತೆಗೆಸಿ, ಮೊರಂ (ಗರಸು ಮಣ್ಣು) ತುಂಬಿ, ನೀರು ಹಾಕಿ ಕುಟ್ಟಿಸಿ, ಮೇಲೆ ಗೇಟಿನ ಪೂರ್ತಿ ಓಟಕ್ಕೆ ಒಂದೇ ಆರ್‌ಸಿಸಿ ಬೀಮ್ ಹಾಕಿಸಿದೆ. ಮೋಟಾರಿನ ಬ್ಲಾಕ್ ಕೂಡ ಅದೇ ಬೀಮಿಗೆ ಕಟ್ಟಿದ್ದು. ಎದ್ದರೆ ಎರಡೂ ಒಟ್ಟಿಗೆ ಏಳಲಿ, ಅಷ್ಟೇ ಉಪಾಯ. ಈ ಸಲ ಕಬ್ಬಿಣದ ರ್‍ಯಾಕ್. ಹತ್ತಿರ ಹತ್ತಿರ 48 ಸಾವಿರ ಹೋಯಿತು. ಅರ್ಧ ಮಿಲ್ಲಿನ ಸಾವ್ಕಾರರು ಕೊಟ್ಟರು, ಅರ್ಧ ನನ್ನ ಜೇಬು. ಆ ವರ್ಷ ನನ್ನ ಮನೇಲಿ ದೀಪಾವಳಿ ಸಪ್ಪೆ.

ಹಳೇ ಟ್ರ್ಯಾಕ್ ಕೀಳುವ ಮೊದಲೇ ಒಂದು 350 ರೂಪಾಯಿಯ ಕೊಕ್ಕೆ ತಕ್ಕಡಿ ತಂದೆ, ಮೀನು ತೂಗುವಂಥದ್ದು. ಮೋಟಾರನ್ನು ಅದರ ಕೀಲಿ ತಿರುಗಿಸಿ ಗೇಟಿನಿಂದ ಬಿಡಿಸಿ, ತಕ್ಕಡಿ ಸಿಕ್ಕಿಸಿ ಗೇಟನ್ನು ನಿಧಾನ ಎಳೆದು, ಎಷ್ಟು ಕೆಜಿಗೆ ಸರಿಯುತ್ತದೆ ಅಂತ ನೋಡುವುದು. ನಾವೆಲ್ಲ ಕೈಯಿಂದ ತಳ್ಳಿ "ಹಗುರ ಅದ ಬಿಡ್ರಿ" ಅಂತೀವಿ, ಅಲ್ವಾ? ಆ ಕೈಯ ಲೆಕ್ಕ ಬೆಳಿಗ್ಗೆ ಒಂದು, ಊಟ ಆದಮೇಲೆ ಒಂದು. ಹಳೇ ಟ್ರ್ಯಾಕ್ ಕಿತ್ತ ದಿನ ಇದೇ ತಕ್ಕಡಿ 45 ದಾಟಿತ್ತು. ಹೊಸದರಲ್ಲಿ ಬೆಳಿಗ್ಗೆ 16, 17. ಮಧ್ಯಾಹ್ನ ಮೂರಕ್ಕೆ ಮಾತ್ರ 24!

ಇಲ್ಲೇ ನನ್ನ ಕಣ್ಣು ತೆರೆಯಿತು. ನಾವು ಕಮಿಷನಿಂಗ್ (ಮೊದಲ ಸಲ ಚಾಲೂ) ಮಾಡುವುದು ಯಾವಾಗ? ಬೆಳಿಗ್ಗೆ ತಂಪು ಹೊತ್ತಿನಲ್ಲಿ. ಲರ್ನಿಂಗ್ ಹಾಕುತ್ತೀವಿ, ಅಂದರೆ ಗೇಟನ್ನು ಓಡಿಸಿ ಕಲಿಸುತ್ತೀವಿ. ಮೋಟಾರಿನ ಕಂಟ್ರೋಲ್ ಬೋರ್ಡು ಆಗಿನ ಹಗುರ ಓಟ ನೋಡಿ, ಎಷ್ಟು ಫೋರ್ಸಿನಿಂದ ತಳ್ಳಬೇಕು ಅಂತ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ ಗೇಟಿನ ಕಬ್ಬಿಣ ಕೈ ಇಡಲಾರದಷ್ಟು ಕಾದು, ಆರು ಮೀಟರಿಗೆ ಮೂರು ಮಿಲಿಮೀಟರ್ ಹಿಗ್ಗುತ್ತದೆ. ಟ್ರ್ಯಾಕ್ ಕೂಡ ಹಿಗ್ಗಿ ಜಾಯಿಂಟಿನಲ್ಲಿ ಒತ್ತುತ್ತದೆ. ಬೋರ್ಡು ಅದನ್ನು ಅಡಚಣೆ ಅಂದುಕೊಂಡು ಗೇಟು ವಾಪಸ್ ಕಳಿಸುತ್ತದೆ. ಮಾಲೀಕ ಫೋನ್ ಮಾಡುತ್ತಾನೆ, ನಾವು ಹೋಗುವಷ್ಟರಲ್ಲಿ ಸಂಜೆ, ಗೇಟು ಚೆನ್ನಾಗೇ ಓಡುತ್ತಿರುತ್ತದೆ. ಎಷ್ಟು ಸಲ ಈ ನಾಟಕ ಆಗಿಲ್ಲ?

ಅದಕ್ಕೆ ನಾನು ಮೂರು ಹೊತ್ತಿನ ಟೆಸ್ಟಿಂಗ್ ಶುರು ಮಾಡಿದೆ. ಬೆಳಿಗ್ಗೆ ಏಳು, ಮಧ್ಯಾಹ್ನ ಮೂರು, ಸಂಜೆ ಏಳು. ಲರ್ನಿಂಗ್ ಹಾಕುವುದು ಮಧ್ಯಾಹ್ನ ಮೂರಕ್ಕೇ. ಆಮೇಲೆ ಬೆಳಿಗ್ಗೆ ಬಂದು ಫೋರ್ಸ್ ಜಾಸ್ತಿ ಆಗಿದೆಯಾ ಅಂತ ನೋಡುವುದು. ಅದಕ್ಕೆ ಕಂಬಕ್ಕೆ ಒಂದು ಬಾತ್‌ರೂಮಿನ ತೂಕದ ಮಷೀನ್ ನಿಲ್ಲಿಸಿ, ಮುಂದೆ ಹೊಟ್ಟಿನ ಮೂಟೆ ಇಟ್ಟು ಗೇಟು ಮುಚ್ಚಿಸಿದೆ. ಮೋಟಾರ್ ಗೇಟುಗಳ ಸುರಕ್ಷತೆಯ ಯುರೋಪಿನ ಇಎನ್ 12453 ಮಾನದಂಡದಲ್ಲಿ, ಗೇಟಿಗೂ ಕಂಬಕ್ಕೂ ನಡುವಿನ ಸಂದಿ ಅರ್ಧ ಮೀಟರಿಗಿಂತ ಕಡಿಮೆ ಇದ್ದಾಗ ಗುದ್ದಿನ ಬಲಕ್ಕೆ 400 ನ್ಯೂಟನ್ ಮಿತಿ, ನಮ್ಮ ಭಾಷೆಯಲ್ಲಿ 40 ಕೆಜಿ ಚಿಲ್ಲರೆ. ನನ್ನದು ಮೊದಲು ಅರವತ್ತು ತೋರಿಸಿತು. ಇಳಿಸಿ ಇಳಿಸಿ 35ಕ್ಕೆ ತಂದೆ. ಸ್ಲೋಡೌನ್, ಅಂದರೆ ಗೇಟು ಕೊನೆಗೆ ನಿಧಾನ ಆಗುವುದು, ಎಲ್ಲಿ ಶುರು ಆಗಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಅದು ನನ್ನ ಹೊಟ್ಟೆಪಾಡು, ಬರೆಯಲ್ಲ.

ಸಂಜೆ ಏಳರ ಟೆಸ್ಟ್ ಯಾಕೆ ಅಂದರೆ ಕರೆಂಟು. ಆ ಹೊತ್ತಿಗೆ ಮಿಲ್ಲಿನಲ್ಲಿ 170, 175 ವೋಲ್ಟ್. 230 ವೋಲ್ಟಿನ ಎಸಿ ಮೋಟಾರ್ ಅಷ್ಟಕ್ಕೆ ಅರ್ಧ ಶಕ್ತಿಗೆ ಇಳಿಯುತ್ತದೆ. ಗುಂಯ್ ಅನ್ನುತ್ತಾ ನಿಂತುಬಿಡುತ್ತಿತ್ತು. ಮೊದಲು ನಾಲ್ಕೂವರೆ ಸಾವಿರ ಕೊಟ್ಟು ಸ್ಟೆಬಿಲೈಜರ್ ಹಾಕಿದೆ, ದಂಡ. ಮೇ ತಿಂಗಳಲ್ಲಿ ಮೋಟಾರ್ ಕಾದು ತಾನೇ ನಿಂತು (ಥರ್ಮಲ್ ಕಟ್) ಅರ್ಧ ಗಂಟೆ ಗೇಟು ಮಲಗುತ್ತಿತ್ತು. ಕೊನೆಗೆ ಆ ಮೋಟಾರನ್ನು 9 ಸಾವಿರಕ್ಕೆ ಮಾರಿ, ಬ್ಯಾಟರಿ ಮೇಲೆ ಓಡುವ 24 ವೋಲ್ಟ್ ಡಿಸಿ ಮೋಟಾರ್ ಹಾಕಿದೆ. ಮೇಲೆ ತಗಡಿನ ಕೊಡೆ, ಕವರಿಗೂ ತಗಡಿಗೂ ಒಂದು ಗೇಣು ಗಾಳಿ. ಕರೆಂಟು ಹೋದರೂ ಓಡುತ್ತದೆ. ಅದೊಂದು ನೋಡಿಯೇ ಸಾವ್ಕಾರರ ಮುಖ ಅರಳಿತು.

ಫೋಟೋಸೆಲ್ ಕಥೆ ಬೇರೆ. ಒಂದು ಕಡೆಯ ಟ್ರಾನ್ಸ್‌ಮಿಟರ್ ಕಿರಣ ಬಿಡುತ್ತದೆ, ಎದುರಿನ ರಿಸೀವರ್ ಹಿಡಿಯುತ್ತದೆ, ನಡುವೆ ಏನಾದರೂ ಅಡ್ಡ ಬಂದರೆ ಗೇಟು ಮುಚ್ಚುವುದಿಲ್ಲ. ದಿನಾ ಸಂಜೆ ಐದರ ಸುಮಾರಿಗೆ ಇಪ್ಪತ್ತು ನಿಮಿಷ ಗೇಟು ಮುಚ್ಚುತ್ತಿರಲಿಲ್ಲ. "ಚಹಾದ ಟೈಮ್‌ಗ ಗೇಟಿಗೂ ಸೂಟಿ" ಅಂತ ಹಮಾಲರು ನಗುತ್ತಿದ್ದರು. ವೈರಿಂಗ್ ಎರಡು ಸಲ ಬಿಚ್ಚಿದೆ. ಆಮೇಲೆ ಒಂದು ದಿನ ರಿಸೀವರ್ ಪಕ್ಕದಲ್ಲೇ ನಿಂತು ನೋಡಿದಾಗ ಕಣ್ಣಿಗೆ ಸೂರ್ಯ ಹೊಡೆದ. ಗೇಟು ಪೂರ್ವ ಪಶ್ಚಿಮ ಓಡುತ್ತದೆ, ರಿಸೀವರ್ ಪಶ್ಚಿಮಕ್ಕೆ ಮುಖ ಮಾಡಿತ್ತು. ಟ್ರಾನ್ಸ್‌ಮಿಟರ್ ಅಲ್ಲಿಗೆ, ರಿಸೀವರ್ ಇಲ್ಲಿಗೆ ಬದಲಿಸಿದೆ. ಬೆಳಗಿನ ಬಿಸಿಲಿಗೆ ಆ ಕಡೆ ಬೇವಿನ ಮರ ಅಡ್ಡ. ಮೇಲಿಂದ ಒಂದು ತುಂಡು ಪಿವಿಸಿ ಪೈಪ್ ಟೋಪಿ. ಖರ್ಚು ಇಲ್ಲ.

ಎಲ್ಲಕ್ಕಿಂತ ಹೆದರಿಸಿದ್ದು ಟ್ರ್ಯಾಕ್ಟರ್. ನನ್ನ ಬೈಕು, ಸಾವ್ಕಾರರ ಕಾರು, ಒಂದು ಲಾರಿ, ಎಲ್ಲದರಿಂದ ಟೆಸ್ಟ್ ಮಾಡಿದ್ದೆ. ಜನವರಿಯಲ್ಲಿ ತೊಗರಿ ಬಂತು. ಟ್ರ್ಯಾಕ್ಟರ್ ಒಳಗೆ ಹೋಯಿತು, ಟ್ರಾಲಿ ಇನ್ನೂ ಗೇಟಿನಲ್ಲಿ. ಫೋಟೋಸೆಲ್ ಅರ್ಧ ಮೀಟರ್ ಎತ್ತರದಲ್ಲಿ. ಅದರ ಕಿರಣ ಟ್ರಾಲಿಯ ಹೊಟ್ಟೆಯ ಕೆಳಗೆ, ಗಾಲಿಗಳ ನಡುವೆ ಆರಾಮಾಗಿ ದಾಟಿತು. ಲೂಪ್, ಅಂದರೆ ಗಾಡಿಯ ಕಬ್ಬಿಣ ಗುರುತಿಸಲು ನೆಲದಲ್ಲಿ ಹೂತ ವೈರಿನ ಸುತ್ತು, 90 ಸೆಂಟಿಮೀಟರ್ ಅಗಲ ಇತ್ತು. ಲೂಪ್ ನೋಡುವುದು ಅಗಲದ ಮೂರರಲ್ಲಿ ಎರಡು ಪಾಲು ಎತ್ತರ, ಅಂದರೆ 60 ಸೆಂಟಿಮೀಟರ್. ಟ್ರಾಲಿಯ ತಳ ಒಂದು ಮೀಟರ್ ಎತ್ತರದ ಹತ್ತಿರ. ಗಾಡಿ ದಾಟಿದ ಕೂಡಲೇ ಮುಚ್ಚುವ ಸೆಟ್ಟಿಂಗ್ ನಾನೇ ಜಾಣತನದಿಂದ ಆನ್ ಮಾಡಿದ್ದೆ. ಗೇಟು ಹೋಗಿ ಟ್ರಾಲಿಗೆ ಗುದ್ದಿತು. ವಾಪಸ್ ಏನೋ ಬಂತು, ಆದರೆ ಎರಡು ಚೀಲ ಹರಿದು ತೊಗರಿ ರಸ್ತೆಗೆ. ರೈತ ಬೈದದ್ದು ಇಲ್ಲಿ ಬರೆಯುವ ಹಾಗಿಲ್ಲ. ಚೀಲದ ದುಡ್ಡು ನಾನೇ ಕೊಟ್ಟೆ.

ಆ ಸೆಟ್ಟಿಂಗ್ ಅವತ್ತೇ ಆಫ್. ನೆಲ ಕೊರೆಸಿ ಲೂಪನ್ನು ಒಂದೂವರೆ ಮೀಟರ್ ಅಗಲ ಮಾಡಿಸಿದೆ, ಗೇಟಿನಿಂದಲೂ ದೂರ ಇಟ್ಟೆ, ಇಲ್ಲದಿದ್ದರೆ ಓಡುವ ಗೇಟನ್ನೇ ಗಾಡಿ ಅಂದುಕೊಳ್ಳುತ್ತದೆ. ಒಂದು ಮೀಟರಿಗಿಂತ ಎತ್ತರದಲ್ಲಿ ಇನ್ನೊಂದು ಜೊತೆ ಫೋಟೋಸೆಲ್, ಎರಡರ ಎನ್‌ಸಿ ಕಾಂಟ್ಯಾಕ್ಟ್ ಸೀರೀಸಿನಲ್ಲಿ, ಅಂದರೆ ಯಾವುದರ ಕಿರಣ ತಡೆದರೂ ಗೇಟು ಮುಚ್ಚುವುದಿಲ್ಲ. ಈಗ ಖಾಲಿ ಟ್ರಾಲಿ, ತುಂಬಿದ ಟ್ರಾಲಿ, ಎತ್ತಿನ ಬಂಡಿ, ಮೂರೂ ಓಡಿಸಿ ನೋಡದೆ ನಾನು ಬಿಲ್ ಕೊಡುವುದಿಲ್ಲ. ಬಂಡಿಯಲ್ಲಿ ಕಬ್ಬಿಣ ಕಡಿಮೆ, ಲೂಪಿಗೆ ಕಾಣುವುದೇ ಕಷ್ಟ. ಅಲ್ಲಿ ಫೋಟೋಸೆಲ್ಲೇ ದೇವರು.

ನಡುವೆ ಕೆಲವು ಹುಚ್ಚು ಪ್ರಯೋಗಗಳೂ ಆದವು. ರ್‍ಯಾಕಿಗೆ ಗ್ರೀಸ್ ಹಚ್ಚಿದೆ. ವಾರದಲ್ಲಿ ತೊಗರಿ ಧೂಳು ಕೂತು ಹೋಳಿಗೆ ಹೂರಣ ತಯಾರು. ಈಗ ರ್‍ಯಾಕ್ ಒಣಗಿಯೇ ಇರಬೇಕು, ಗ್ರೀಸ್ ಗಾಲಿಯ ಬೇರಿಂಗಿಗೆ ಮಾತ್ರ. ಮಿಸ್ಡ್ ಕಾಲ್ ಕೊಟ್ಟರೆ ತೆರೆಯುವ ಜಿಎಸ್ಎಂ ಡಬ್ಬಿ ಹಾಕಿದೆ. ಸಾವ್ಕಾರರ ಮೊಮ್ಮಗ ಹೈದರಾಬಾದಿನಲ್ಲಿ ಕೂತು ಗೇಟು ತೆರೆದು ಮುಚ್ಚಿ ಆಡಿದ. ಆಮೇಲೆ ಸಿಮ್ ರೀಚಾರ್ಜ್ ಮುಗಿದು ಅದು ಸತ್ತಿತು, ಯಾರೂ ಕೇಳಲಿಲ್ಲ. ಕಂಟ್ರೋಲ್ ಡಬ್ಬಿಗೆ ಹಲ್ಲಿ ಹೊಕ್ಕು ಬೋರ್ಡು ಸುಟ್ಟಿತು, ಆರು ಸಾವಿರ. ಈಗ ಕೇಬಲ್ ತೂತಿಗೆ ಸಿಲಿಕೋನ್. ಜೊತೆಗೆ ಇನ್ನೊಂದು ವಸ್ತು ಇಡುತ್ತೀನಿ, ಅದನ್ನ ಹೇಳಲ್ಲ.

ಒಟ್ಟು ಲೆಕ್ಕ ನೆನಪಿನ ಮೇಲೆ: ಮಾಲೀಕರಿಗೆ ಒಂದೂಮುಕ್ಕಾಲು ಲಕ್ಷ, ನನಗೆ ಕೈಯಿಂದ ಹೋದದ್ದು ನಲವತ್ತು ಸಾವಿರದ ಆಚೆ. ಆದರೆ ಆಮೇಲೆ ಅದೇ ರಸ್ತೆಯಲ್ಲಿ ಮೂರು ಗೇಟು ಸಿಕ್ಕಿದವು. ಹಾವಿನ ಮಾತು ಹೇಳಿದ ಗೆಳೆಯ ಮೊನ್ನೆ ಬಂದು ಬೀಮಿನ ಅಳತೆ ಟೇಪ್ ಹಿಡಿದು ಬರೆದುಕೊಂಡು ಹೋದ. ಚಹಾ ನಾನೇ ಕುಡಿಸಿದೆ.

ತಕ್ಕಡಿ ಈಗ ವಾಚ್‌ಮನ್ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದೆ. ಪ್ರತಿ ತಿಂಗಳ ಒಂದನೇ ತಾರೀಕು ಮಧ್ಯಾಹ್ನ ಮೂರಕ್ಕೆ ಗೇಟು ಎಳೆದು ಅಂಕಿಯನ್ನು ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯಬೇಕು ಅಂತ ಅವನಿಗೆ ಹೇಳಿದ್ದೀನಿ. ಮೂವತ್ತು ದಾಟಿದರೆ ನನಗೆ ಫೋನು. ಹೋದ ತಿಂಗಳು 23. ಭಾನುವಾರ ಅದೇ ತಕ್ಕಡಿಯಲ್ಲಿ ಅವನು ಮೀನೂ ತೂಗುತ್ತಾನೆ, ಕೊಕ್ಕೆಯ ವಾಸನೆಯಿಂದ ಗೊತ್ತಾಯಿತು.