ನೀಲಿ ಬಣ್ಣದ ಲೆಕ್ಕ

ಕಲಾ ಇತಿಹಾಸ ಓದಲು ಸೇರಿದ ಹೊಸದರಲ್ಲಿ ಬರೆದ ಪ್ರಬಂಧವೊಂದರಲ್ಲಿ ‘ಕಲಾವಿದನ ಅಂತರಂಗದ ಭಕ್ತಿ’ ಅನ್ನುವ ಮಾತನ್ನು ನಾಲ್ಕು ಸಲ ಬಳಸಿದ್ದೆ. ಮೇಷ್ಟ್ರು ನಾಲ್ಕಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿ ಅಂಚಿನಲ್ಲಿ ಬರೆದಿದ್ದರು: ‘ನಿನಗೆ ಹೇಗೆ ಗೊತ್ತು?’ ಎರಡು ದಿನ ಸಿಟ್ಟಿತ್ತು. ಆಮೇಲೆ ನೋಡಿದರೆ ಉತ್ತರ ನನ್ನ ಹತ್ತಿರ ನಿಜಕ್ಕೂ ಇರಲಿಲ್ಲ.

ಆ ಪ್ರಬಂಧ ಬರೆದ ಚಿತ್ರ ಹದಿನೈದನೇ ಶತಮಾನದ ಇಟಲಿಯ ಚಿತ್ರಕಾರ ಡೊಮೆನಿಕೊ ಗಿರ್ಲಾಂಡಾಯೊನದು. ಮಗು ಯೇಸುವಿಗೆ ಮೂವರು ಜ್ಞಾನಿಗಳು ಕಾಣಿಕೆ ತಂದ ದೃಶ್ಯ. ಫ್ಲಾರೆನ್ಸಿನ ‘ಇನ್ನೊಚೆಂತಿ’ ಎಂಬ ಅನಾಥ ಶಿಶುಗಳ ಆಸ್ಪತ್ರೆಗಾಗಿ ಮಾಡಿದ್ದು, 1488ರಲ್ಲಿ ಮುಗಿಸಿದ್ದು. ಎರಡನೇ ಸಲ ಬರೆಯಲು ಕೂತಾಗ ಚಿತ್ರ ಬಿಟ್ಟು ಅದರ ಕರಾರುಪತ್ರದ ಅನುವಾದ ಹುಡುಕಿಕೊಂಡೆ. ಸಿಕ್ಕಿತು. 1485ರ ಅಕ್ಟೋಬರಿನದು, ಒಬ್ಬ ಸನ್ಯಾಸಿ ಬರೆದದ್ದು.

ಅದನ್ನು ಓದಿದಾಗ ಮನೆ ಕಟ್ಟಿಸುವವರ ಒಪ್ಪಂದ ನೆನಪಾಯಿತು. ಕಾಗದದ ಮೇಲಿನ ನಕ್ಷೆಯಂತೆಯೇ ಬರೆಯಬೇಕು. ಎಲ್ಲವನ್ನೂ ತನ್ನ ಕೈಯಾರೆ ಮಾಡಬೇಕು. ಬಣ್ಣ, ಚಿನ್ನ ಚಿತ್ರಕಾರನದೇ ಖರ್ಚು. ನೀಲಿ ಮಾತ್ರ ಅಲ್ಟ್ರಾಮರೀನ್ ಆಗಿರಬೇಕು, ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ (ಫ್ಲಾರೆನ್ಸಿನ ಚಿನ್ನದ ನಾಣ್ಯ) ಬೆಲೆಯದು. ಒಟ್ಟು 115 ಫ್ಲೋರಿನ್, ಅದೂ ತಿಂಗಳಿಗೆ ಮೂರರಂತೆ. 30 ತಿಂಗಳಲ್ಲಿ ಮುಗಿಯದಿದ್ದರೆ 15 ಫ್ಲೋರಿನ್ ದಂಡ. ಕೆಲಸ ಅಷ್ಟು ಬೆಲೆ ಬಾಳುವುದಿಲ್ಲ ಅನ್ನಿಸಿದರೆ ಎಷ್ಟು ಕಡಿಮೆ ಕೊಡಬೇಕೆಂದು ತೀರ್ಮಾನಿಸುವ ಹಕ್ಕು ಕರಾರು ಬರೆದ ಆ ಸನ್ಯಾಸಿಯದೇ. ನನ್ನ ‘ಅಂತರಂಗದ ಭಕ್ತಿ’ಗೆ ಇದರಲ್ಲಿ ಎಲ್ಲೂ ಕಲಂ ಇರಲಿಲ್ಲ. (ಭಕ್ತಿಯೇ ಇರಲಿಲ್ಲ ಅಂತಲ್ಲ. ಅದು ಆ ಕಾಗದದಿಂದ ತಿಳಿಯುವ ವಿಷಯವಲ್ಲ, ಅಷ್ಟೇ.)

ನೀಲಿಗೆ ಏಕೆ ಅಷ್ಟು ಹಠ? ಅಲ್ಟ್ರಾಮರೀನ್ ಆಗುತ್ತಿದ್ದುದು ಲ್ಯಾಪಿಸ್ ಲಾಜುಲಿ ಕಲ್ಲಿನಿಂದ, ಅದು ಬರುತ್ತಿದ್ದುದು ಈಗಿನ ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳಿಂದ. ಕಲ್ಲನ್ನು ಬರೀ ಅರೆದರೆ ಬೂದಿ ಬಣ್ಣ ಬರುತ್ತದೆ. ಪುಡಿಯನ್ನು ಮೇಣ, ರಾಳದ ಜತೆ ಕಲಸಿ, ಹಿಟ್ಟಿನ ಮುದ್ದೆಯಂತೆ ಕ್ಷಾರದ ನೀರಿನಲ್ಲಿ ನಾದಬೇಕು. ಆಗ ಮುದ್ದೆಯಿಂದ ನೀಲಿ ಬಿಟ್ಟುಕೊಂಡು ತಳಕ್ಕೆ ಇಳಿಯುತ್ತದೆ. ಮೊದಲ ಸಲ ನಾದಿದಾಗ ಬಂದದ್ದು ಅತ್ಯುತ್ತಮ, ಮುಂದಿನವು ಒಂದಕ್ಕಿಂತ ಒಂದು ಮಂಕು. ಅಂದರೆ ಔನ್ಸಿನ ಬೆಲೆ ಹೇಳಿದರೆ ಎಷ್ಟನೇ ಗುಣಮಟ್ಟ ಬೇಕು ಅನ್ನುವುದನ್ನೂ ಹೇಳಿದ ಹಾಗೆ. ಇದು ತಿಳಿದ ಹುರುಪಿನಲ್ಲಿ ಪರದೆಯ ಮೇಲೆ ಚಿತ್ರ ಹಿಗ್ಗಿಸಿ, ನೀಲಿ ಕಂಡಲ್ಲೆಲ್ಲ ‘ಲ್ಯಾಪಿಸ್’ ಅಂತ ಗುರುತು ಹಾಕಿಬಿಟ್ಟೆ. ಮತ್ತೆ ಪೆನ್ಸಿಲ್ ಸುತ್ತು! ಅಜುರೈಟ್ ಎಂಬ ಇನ್ನೊಂದು ಅಗ್ಗದ ಖನಿಜದ ಬಣ್ಣವೂ ನೀಲಿಯೇ. ಫೋಟೋ ನೋಡಿ ಯಾವುದು ಯಾವುದೆಂದು ಹೇಳಲಾಗದು, ಅದಕ್ಕೆ ಪ್ರಯೋಗಾಲಯ ಬೇಕು. ಕರಾರು ಹೇಳುವುದು ಏನು ಕೇಳಿದರು ಎಂಬುದನ್ನು, ಏನು ಬಳಿದರು ಎಂಬುದನ್ನಲ್ಲ. ‘ತನ್ನ ಕೈಯಾರೆ’ ಎಂದು ಬರೆಸಿಕೊಂಡಿದ್ದರೂ ಹಿನ್ನೆಲೆಯ ಒಂದು ಭಾಗದಲ್ಲಿ ತಜ್ಞರು ಗುರುತಿಸುವುದು ಬಾರ್ತೊಲೊಮಿಯೊ ದಿ ಜಿಯೊವಾನ್ನಿ ಎಂಬ ಇನ್ನೊಬ್ಬ ಚಿತ್ರಕಾರನ ಕೈಯನ್ನು.

ಆ ಭಾಗವೇ ನನಗೆ ಉಳಿದದ್ದನ್ನು ತೋರಿಸಿಕೊಟ್ಟಿತು. ಹಿಂದೆ ದೂರದಲ್ಲಿ, ಮಗು ಯೇಸುವನ್ನು ಮುಗಿಸಲು ಹೊರಟ ರಾಜ ಹೆರೋದನ ಸೈನಿಕರು ಹಸುಳೆಗಳನ್ನು ಕೊಲ್ಲುತ್ತಿದ್ದಾರೆ, ತಾಯಂದಿರು ಓಡುತ್ತಿದ್ದಾರೆ. ಮುಂದೆ ಮೇರಿಯ ಎದುರು ತೆಳು ಬಿಳಿ ಬಟ್ಟೆಯ ಎರಡು ಪುಟ್ಟ ಮಕ್ಕಳು ಮೊಣಕಾಲೂರಿದ್ದಾರೆ. ನಾನು ಅವರನ್ನು ದೇವದೂತರು ಎಂದುಕೊಂಡು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ರೆಕ್ಕೆ ಇಲ್ಲ ಅನ್ನುವುದು ಆಗ ಹೊಳೆಯಲೇ ಇಲ್ಲ. ಹಿಗ್ಗಿಸಿದಾಗ ಮೈಮೇಲೆ ಗಾಯ ಕಂಡಿತು. ಹಿಂದೆ ಸಾಯುತ್ತಿರುವ ಮಕ್ಕಳೇ ಇಲ್ಲಿ ಸಂತರಾಗಿ ಮುಂದೆ ಬಂದಿದ್ದಾರೆ. ‘ಇನ್ನೊಚೆಂತಿ’ ಅಂದರೆ ಅವರೇ, ಮುಗ್ಧ ಹಸುಳೆಗಳು. ರೇಷ್ಮೆ ವರ್ತಕರ ಸಂಘ ನಡೆಸುತ್ತಿದ್ದ ಆ ಆಸ್ಪತ್ರೆಗೆ ಮೊದಲ ಕೂಸು ಬಂದದ್ದು 1445ರ ಫೆಬ್ರವರಿಯಲ್ಲಿ. ಈ ಚಿತ್ರ ಅಲ್ಲಿನ ಚರ್ಚಿನ ಮುಖ್ಯ ಪೀಠದ ಮೇಲಿತ್ತು. ಬಿಟ್ಟುಹೋದ ಮಕ್ಕಳ ಮನೆಯಲ್ಲಿ ಮೇರಿಯ ಎದುರೇ ಜಾಗ ಸಿಕ್ಕಿದ್ದು ಗಾಯಗೊಂಡ ಆ ಇಬ್ಬರಿಗೆ.

ಮೂರನೇ ಕರಡು ಅಲ್ಲಿಂದ ಶುರುವಾಯಿತು. ಕರಾರಿನಲ್ಲಿ ಕೊಡುವವನ ದನಿ ಇದೆ, ಮಾಡುವವನ ಹೆಸರಿದೆ. ಕೂಸನ್ನು ಬಾಗಿಲಲ್ಲಿ ಇಟ್ಟು ಹೋದವರು ಅದರಲ್ಲಿಲ್ಲ. ಅವರಿಗಾಗಿ ಬೇರೆ ಕಡೆ ಹುಡುಕಬೇಕಾಯಿತು. ಎಂದಾದರೂ ವಾಪಸ್ ಬಂದರೆ ಗುರುತು ಹಿಡಿಯಲೆಂದು ಮಗುವಿನ ಜತೆ ಇಟ್ಟ ಪದಕ, ನಾಣ್ಯದ ಚೂರುಗಳನ್ನು ಆ ಆಸ್ಪತ್ರೆಯ ಸಂಗ್ರಹಾಲಯ ಇಂದಿಗೂ ಕಾಪಾಡಿಕೊಂಡಿದೆ. ಅವು ಹೆಚ್ಚಾಗಿ ನಂತರದ ಶತಮಾನಗಳವು. ಅದನ್ನು ಈ ಸಲ, ಪೆನ್ಸಿಲ್ ಬರುವ ಮೊದಲೇ, ನಾನೇ ಅಂಚಿನಲ್ಲಿ ಬರೆದೆ.