ಗಾರ್ಮೆಂಟ್ಸ್ ಹುಡುಗಿಯರು ಕಾನ್‌ಸ್ಟೆಬಲ್ ಆದ ಬಗೆ

ಹೊಲಿಗೆ ಯಂತ್ರದ ಮುಂದೆ ಕೂರುವ ಹುಡುಗಿಯರನ್ನು ಪೊಲೀಸ್ ಪಡೆಗೆ ಸೇರಿಸುತ್ತೇನೆ ಎಂದಾಗ, ನನ್ನ ಜೊತೆ ಸೇವೆ ಮಾಡಿ ನಿವೃತ್ತರಾದವರೇ ನಂಬಲಿಲ್ಲ. ಈ ಸಲದ ಆಯ್ಕೆಪಟ್ಟಿಯಲ್ಲಿ ಬೆಂಗಳೂರಿನ ಪೀಣ್ಯ, ಲಗ್ಗೆರೆ ಕಡೆಯ ನಮ್ಮ ಎಂಟು ಹತ್ತು ಮಂದಿ ಇದ್ದಾರೆ. ಮನೆಯಲ್ಲಿ ಉರ್ದು, ತಮಿಳು ಮಾತನಾಡುವವರೂ ಅವರಲ್ಲಿದ್ದಾರೆ. ಗಂಡನ ಹೊಡೆತ ತಿಂದು ರಾತ್ರಿ ಠಾಣೆಗೆ ಬರುವ ಹೆಂಗಸಿನ ಮಾತನ್ನು ಅವಳ ಭಾಷೆಯಲ್ಲೇ ಕೇಳಿಸಿಕೊಳ್ಳುವವಳು ಅಲ್ಲಿರಬೇಕು ಎಂಬುದು ನನ್ನ ಹಟ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ 25 ಮೀಸಲಿದ್ದರೂ ಇಂಥ ಬಡಾವಣೆಗಳಿಂದ ಅರ್ಜಿ ಹಾಕುವವರು ಬೆರಳೆಣಿಕೆಯಷ್ಟು.

ಮೊದಮೊದಲು ಕಾಲೇಜುಗಳಲ್ಲಿ ಭಾಷಣ ಮಾಡಿದೆವು, ಕರಪತ್ರ ಹಂಚಿದೆವು. ದೈಹಿಕ ಪರೀಕ್ಷೆಯ ಅಭ್ಯಾಸಕ್ಕೆಂದು ಮೈದಾನಕ್ಕೆ ಯಾರೂ ಬರಲಿಲ್ಲ. ಬೆಳಗಿನ ಐದರ ಅಭ್ಯಾಸವೂ ಕೈಗೂಡಲಿಲ್ಲ. ಆ ಹೊತ್ತಿಗೆ ಅವರು ನೀರು ಹಿಡಿಯಬೇಕು, ಅಡುಗೆ ಮುಗಿಸಬೇಕು, ಎಂಟಕ್ಕೆ ಕಾರ್ಖಾನೆ ಗೇಟಿನಲ್ಲಿರಬೇಕು. ಸಂಜೆ ಏಳಕ್ಕೆ ಬದಲಿಸಿದ ಮೇಲೆಯೇ ತಂಡ ಕಟ್ಟಿಕೊಂಡದ್ದು. ಶೂಗಳಿಗೆ ಹಣ ಕೊಡುತ್ತೇನೆಂದ ದಾನಿಯೊಬ್ಬರು ಬನಿಯನ್ ಮೇಲೆ ತಮ್ಮ ಹೆಸರು ಅಚ್ಚಾಗಲಿಲ್ಲವೆಂದು ಹಿಂದೆ ಸರಿದರು. ಶೂ, ಮೊಟ್ಟೆ, ಬಾಳೆಹಣ್ಣು, ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಎಲ್ಲ ಸೇರಿ ತಲೆಗೆ ನಾಲ್ಕೈದು ಸಾವಿರವಾಯಿತು, ಹೆಚ್ಚಿನದು ನನ್ನ ಪಿಂಚಣಿಯಿಂದಲೇ ಹೋಯಿತು. ಪ್ರೋಟೀನ್ ಪುಡಿಯನ್ನೂ ಒಂದಷ್ಟು ದಿನ ಕೊಟ್ಟು ನೋಡಿದೆ. ರಾಗಿ ಗಂಜಿಗಿಂತ ಹೆಚ್ಚಿನದೇನೂ ಕಾಣಲಿಲ್ಲ, ದುಡ್ಡು ಮಾತ್ರ ನೀರಿನಂತೆ ಖರ್ಚಾಯಿತು.

ಓಟಕ್ಕೆ ಮೊದಲು ಕಾಗದಪತ್ರ. ಇದನ್ನು ಎಷ್ಟು ಹೇಳಿದರೂ ಸಾಲದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಅಧಿಸೂಚನೆ ಬಂದ ಮೇಲೆ ನಾಡಕಚೇರಿಗೆ ಓಡಿದರೆ ಕೊನೆಯ ದಿನಾಂಕ ದಾಟಿಹೋಗುತ್ತದೆ. ಎತ್ತರವನ್ನೂ ಮೊದಲೇ ಅಳೆಯುತ್ತೇನೆ. ಸಾಮಾನ್ಯವಾಗಿ 157 ಸೆಂ.ಮೀ. ಬೇಕು. ಎತ್ತರ ಸಾಲದವರಿಗೆ ಸುಳ್ಳು ಆಸೆ ತೋರಿಸದೆ ಬೇರೆ ಪರೀಕ್ಷೆಗಳ ದಾರಿ ಹೇಳುತ್ತೇನೆ.

ಆಮೇಲೆ ತಾಯಂದಿರನ್ನು ಒಪ್ಪಿಸಬೇಕು. “ರಾತ್ರಿ ಪಾಳಿ ಮಾಡುವವಳನ್ನು ಯಾರು ಮದುವೆಯಾಗುತ್ತಾರೆ ಮೇಡಂ?” ಎಂದು ಒಬ್ಬಾಕೆ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಮುಂದಿನ ಭಾನುವಾರ ಸೇವೆಯಲ್ಲಿರುವ ಕಾನ್‌ಸ್ಟೆಬಲ್ ಒಬ್ಬಳನ್ನು ಗಂಡ, ಮಗು ಸಮೇತ ಅವರ ಮನೆಗೆ ಕರೆದೊಯ್ದೆ. ಅವಳು ತನ್ನ ವೇತನ ಚೀಟಿಯನ್ನು ಚಾಪೆಯ ಮೇಲೆ ಬಿಡಿಸಿಟ್ಟಳು. ತಾಯಿ ಅದನ್ನು ಮಗಳಿಂದ ಎರಡು ಸಲ ಓದಿಸಿದರು.

400 ಮೀಟರ್ ಓಟಕ್ಕೆ ಎರಡು ನಿಮಿಷ ಧಾರಾಳ. ನಮ್ಮವರು ಸೋಲುತ್ತಿದ್ದದ್ದು ಗುಂಡು ಎಸೆತದಲ್ಲಿ. ನಾಲ್ಕು ಕೆ.ಜಿ.ಯದು 3.75 ಮೀಟರ್ ದಾಟಬೇಕು. ದಿನವಿಡೀ ಬಗ್ಗಿ ಹೊಲಿಯುವವರ ಭುಜ ಮುಂದಕ್ಕೆ ಬಾಗಿರುತ್ತದೆ, ಎಸೆಯುವಾಗ ಮೊಣಕೈ ಕುಸಿದು ಗುಂಡು ಎರಡೂವರೆ ಮೀಟರಿಗೇ ಬೀಳುತ್ತದೆ. ಮೊದಲ ತಿಂಗಳು ಗುಂಡನ್ನು ಮುಟ್ಟಿಸಲಿಲ್ಲ. ಗೋಡೆಗೆ ಬೆನ್ನು ಒತ್ತಿ ಕೈ ಎತ್ತುವ ವ್ಯಾಯಾಮ, ಮರಳು ತುಂಬಿದ ಬಾಟಲಿ, ಇಷ್ಟೇ. ನಂತರ ಎಲ್ಲರೂ ನಾಲ್ಕರ ಹತ್ತಿರ ಬಂದರು. ಬಿಡುವ ಕ್ಷಣದಲ್ಲಿ ಮಣಿಕಟ್ಟಿಗೆ ಹೇಳಿಕೊಡುವ ಒಂದು ಚಳಕವಿದೆ. ಅದನ್ನು ಬರೆಯುವುದಿಲ್ಲ, ಮೈದಾನಕ್ಕೆ ಬಂದವರಿಗೆ ತೋರಿಸುತ್ತೇನೆ.

ಲಿಖಿತ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುವುದರಿಂದ ಊಹಿಸಿ ಗುರುತು ಹಾಕುವ ಚಾಳಿ ಬಿಡಿಸಿದೆ. ಅಷ್ಟಕ್ಕೇ ಏಳೆಂಟು ಅಂಕ ಉಳಿದವು.

ನಡುವೆ ಇಬ್ಬರು ತೃತೀಯ ಲಿಂಗಿಗಳೂ ಅಭ್ಯಾಸಕ್ಕೆ ಬಂದರು. 2021ರಿಂದ ರಾಜ್ಯದ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ 1 ಮೀಸಲಿದೆ. ಹುಡುಗಿಯರು ಎರಡೇ ವಾರದಲ್ಲಿ ಅವರೊಂದಿಗೆ ಒಂದಾದರು, ಆದರೆ ಗುರುತಿನ ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿತ್ತು. ಈಗ ಪತ್ರ ಬಂದಿದೆ, ಇಬ್ಬರೂ ದಿನವೂ ಬಂದು ಓಡುತ್ತಿದ್ದಾರೆ. ಮುಂದಿನ ತಂಡದ ಜಾತಿ, ಆದಾಯ ಪತ್ರಗಳಿಗೆ ಈಗಲೇ ಅರ್ಜಿ ಹಾಕಿಸಿದ್ದೇನೆ.