ಮಂಗಳದ ನೀರಾವಿಯಲ್ಲಿ ಡ್ಯುಟೇರಿಯಂ ಅಳೆಯುವ ಬಗೆ

ನೆಲದ ಮೇಲಿನ ದೂರದರ್ಶಕದಿಂದ ಮಂಗಳದ ಎಚ್‌ಡಿಒ (ಒಂದು ಹೈಡ್ರೋಜನ್ ಜಾಗದಲ್ಲಿ ಭಾರದ ಹೈಡ್ರೋಜನ್ ಆದ ಡ್ಯುಟೇರಿಯಂ ಇರುವ ನೀರಿನ ಅಣು) ಬೆಳಕು ಹೀರಿ ರೋಹಿತದಲ್ಲಿ ಮೂಡಿಸುವ ಗೆರೆ ಹುಡುಕುವಾಗ ಮೊದಲು ಅಡ್ಡ ಬರುವುದು ನಮ್ಮ ತಲೆಯ ಮೇಲಿರುವ ಎಚ್‌ಡಿಒ. ಅಣುವೂ ಅದೇ, ತರಂಗಾಂತರವೂ ಅದೇ. ಎರಡನ್ನೂ ಬಿಡಿಸಿ ತೋರಿಸುವುದು ಡಾಪ್ಲರ್ ಸರಿತ, ಅಂದರೆ ಗ್ರಹ ಹತ್ತಿರ ಬರುವಾಗ ಇಲ್ಲವೇ ದೂರ ಸರಿಯುವಾಗ ಅದರ ಗೆರೆ ಜರುಗುವುದು. ಅದಕ್ಕೇ ಮಂಗಳ ಅತಿ ಹತ್ತಿರವಿರುವ ವಾರಗಳಲ್ಲಿ ನಾನು ದೂರದರ್ಶಕದ ಸಮಯ ಕೇಳುವುದಿಲ್ಲ. ಸೆಕೆಂಡಿಗೆ 13ರಿಂದ 17 ಕಿ.ಮೀ. ವೇಗದಲ್ಲಿ ಅದು ನಮ್ಮತ್ತ ಬರುವ ಇಲ್ಲವೇ ದೂರ ಸರಿಯುವ ದಿನಗಳೇ ಬೇಕು. ಆಗ ಬಿಂಬ 8–9 ಆರ್ಕ್‌ಸೆಕೆಂಡಿಗೆ (ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಕುಗ್ಗಿರುತ್ತದೆ. ಬೇರೆ ದಾರಿಯಿಲ್ಲ. 15 ಕಿ.ಮೀ. ವೇಗವಿದ್ದರೆ 3.67 ಮೈಕ್ರಾನ್ ಬಳಿ ಗೆರೆ 0.136 ಸೆಂ.ಮೀ.⁻¹ (ತರಂಗಸಂಖ್ಯೆಯ ಮಾನ) ಸರಿದು, ಭೂಮಿಯ ಗೆರೆಯ ಅಂಚಿನಲ್ಲಿ ಸಣ್ಣ ತಗ್ಗಾಗಿ ಕಾಣಿಸುತ್ತದೆ.

ಜಾಗ ಎತ್ತರದಲ್ಲಿರಬೇಕು. ಸುಮಾರು 4,200 ಮೀಟರ್ ಎತ್ತರದ ಹವಾಯಿಯ ಮೌನಾ ಕಿಯಾದ ಐಆರ್‌ಟಿಎಫ್‌ (ಅವಕೆಂಪು ದೂರದರ್ಶಕ) ನಲ್ಲಿ ಐಶೆಲ್ ಎಂಬ, ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ ರೋಹಿತಮಾಪಕವಿದೆ. ಅದರ ಬಿಡಿಸುವ ಶಕ್ತಿ 75,000ದ ಆಸುಪಾಸು, ಅಂದರೆ ಸೆಕೆಂಡಿಗೆ 4 ಕಿ.ಮೀ. 15 ಆರ್ಕ್‌ಸೆಕೆಂಡ್ ಉದ್ದದ ಸ್ಲಿಟ್ಟಿನೊಳಗೇ (ಬೆಳಕು ಒಳಹೋಗುವ ಕಿರುಸೀಳು) ಮಂಗಳವನ್ನು ಆಚೀಚೆ ಜರುಗಿಸಲು ಜಾಗ ಸಾಲದು. ಕಳೆಯಲು ಬೇಕಾದ ಬರೀ ಆಕಾಶದ ಫ್ರೇಮ್‌ಗೆ ದೂರದರ್ಶಕವನ್ನೇ ಪಕ್ಕಕ್ಕೆ ತಿರುಗಿಸಬೇಕು. ಎಚ್‌ಡಿಒ ಮತ್ತು ಸಾಮಾನ್ಯ ನೀರಿನ ಗೆರೆಗಳು ಬೇರೆ ಬೇರೆ ಸೆಟ್ಟಿಂಗ್‌ನಲ್ಲಿ ಸಿಗುವುದರಿಂದ ಎಚ್‌ಡಿಒ, ನೀರು, ಮತ್ತೆ ಎಚ್‌ಡಿಒ ಎಂಬ ಸರದಿ ಇಟ್ಟುಕೊಂಡರೆ ನಡುವೆ ಗಾಳಿ ಬದಲಾದದ್ದು ಗೊತ್ತಾಗುತ್ತದೆ.

ಭೂಮಿಯ ಗೆರೆ ಕಳೆಯಲು ನಕ್ಷತ್ರದ ರೋಹಿತದಿಂದ ಭಾಗಿಸುವ ಹಳೆಯ ಪದ್ಧತಿ ಇಲ್ಲಿ ಕೈ ಕೊಡುತ್ತದೆ. ನಕ್ಷತ್ರ ಚುಕ್ಕೆ, ಮಂಗಳ ತಟ್ಟೆ. ಸ್ಲಿಟ್ ತುಂಬುವ ರೀತಿ ಬೇರೆಯಾದ್ದರಿಂದ ಗೆರೆಯ ಆಕಾರವೂ ಬೇರೆ. ಎ ವರ್ಗದ ನಕ್ಷತ್ರವಾದರೆ ಅದರದೇ ಹೈಡ್ರೋಜನ್ ಗೆರೆ 3.74 ಮೈಕ್ರಾನಿನಲ್ಲಿ ಬಂದು ಕೂರುತ್ತದೆ. ಮಾದರಿ ರೋಹಿತ ಹೊಂದಿಸುವುದು ಮೇಲು. ಹೊಂದಿಸುವಾಗ ಭೂಮಿಯ ನೀರು, ಭೂಮಿಯ ಎಚ್‌ಡಿಒ ಎರಡನ್ನೂ ಬೇರೆ ಬೇರೆಯಾಗಿ ಬದಲಾಗಲು ಬಿಡಿ: ಆ ಎತ್ತರದ ಗಾಳಿ ತಲುಪುವಷ್ಟರಲ್ಲಿ ಒಂದಷ್ಟು ಡ್ಯುಟೇರಿಯಂ ಮಳೆಯಾಗಿ ಸುರಿದು ಹೋಗಿರುತ್ತದೆ, ಸಮುದ್ರದ ಅನುಪಾತ ಅಲ್ಲಿ ನಡೆಯದು.

ಇನ್ನು ಲೆಕ್ಕ. ಹಿಟ್ರಾನ್ ಎಂಬ, ಅಣುಗಳ ಗೆರೆಗಳ ಪಟ್ಟಿಯಲ್ಲಿರುವ ಎಚ್‌ಡಿಒ ತೀವ್ರತೆಗಳನ್ನು ಭೂಮಿಯ ಪ್ರಮಾಣವಾದ 3.107×10⁻⁴ರಿಂದ ಮೊದಲೇ ಗುಣಿಸಿಟ್ಟಿದ್ದಾರೆ. ಮತ್ತೊಮ್ಮೆ ಗುಣಿಸಿದರೆ ಉತ್ತರ ಮೂರು ಸಾವಿರ ಪಟ್ಟು ಎಡವುತ್ತದೆ. ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ತಣ್ಣಗೆ ಅಡಗಿ ಕೂರುವುದು ಎರಡು ಪಟ್ಟಿನ ತಪ್ಪು. ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್ ಇರುವುದರಿಂದ ಎಚ್‌ಡಿಒ ಮತ್ತು ನೀರಿನ ಅನುಪಾತ ಡಿ/ಎಚ್‌ನ (ಡ್ಯುಟೇರಿಯಂ ಮತ್ತು ಹೈಡ್ರೋಜನ್ ಪರಮಾಣುಗಳ ಅನುಪಾತ) ಎರಡರಷ್ಟು. ಸಮುದ್ರ ನೀರಿನ ಮಾನಕದ ಡಿ/ಎಚ್ ದಶಲಕ್ಷಕ್ಕೆ 155.76. ಎರಡರ ಈ ಲೆಕ್ಕ ಮರೆತರೆ ಭೂಮಿಯ 6 ಪಟ್ಟು ಬರಬೇಕಾದಲ್ಲಿ 3 ಅಥವಾ 12 ಬಂದೀತು, ನೋಡಿದವರು ನಂಬಿಯೂ ಬಿಟ್ಟಾರು. ಹಿಟ್ರಾನ್ ಸಂಖ್ಯೆಗಳನ್ನು ಮುಟ್ಟದೆ ಹಾಗೇ ಬಳಸಿ, ಸಿಕ್ಕ ಎಚ್‌ಡಿಒ ಮೊತ್ತವನ್ನು ನೀರಿನ ಮೊತ್ತದಿಂದ ಭಾಗಿಸಿದರೆ ಭೂಮಿಯ ಎಷ್ಟು ಪಟ್ಟು ಎಂಬುದು ನೇರ ಸಿಗುತ್ತದೆ.

ನೀರಿಗೆ ತೆಳುವಾದ ಗೆರೆಗಳನ್ನೇ ಆರಿಸಿ. ದಟ್ಟ ಗೆರೆ ತಳ ಮುಟ್ಟಿ ನೀರು ಕಡಿಮೆಯಿದ್ದಂತೆ ತೋರಿಸುತ್ತದೆ, ಡಿ/ಎಚ್ ಸುಳ್ಳೇ ಏರುತ್ತದೆ. 3.7 ಮೈಕ್ರಾನಿನಲ್ಲಿ ಮಂಗಳದ ಸ್ವಂತ ಶಾಖದ ಬೆಳಕೂ ಬೆರೆತಿರುತ್ತದೆ. ಪ್ರತಿಫಲಿತ ಬಿಸಿಲು ಗಾಳಿಯನ್ನು ಎರಡು ಸಲ ದಾಟಿದರೆ ಇದು ದಾಟುವುದು ಒಂದೇ ಸಲ.

ಬಂದ ಸಂಖ್ಯೆಯ ಪಕ್ಕದಲ್ಲಿ ಸೌರ ರೇಖಾಂಶ (ಮಂಗಳದ ಋತು ತಿಳಿಸುವ ಕೋನ), ಅಕ್ಷಾಂಶ, ಅಲ್ಲಿನ ಹೊತ್ತು ಬರೆಯದಿದ್ದರೆ ಅದನ್ನು ಇನ್ನೊಬ್ಬರು ಬಳಸಲಾಗದು. ಎಚ್‌ಡಿಒ ಬೇಗ ಮಂಜುಗಟ್ಟುವುದರಿಂದ ಚಳಿಗಾಲದ ಧ್ರುವದ ಕಡೆ ಆವಿಯಲ್ಲಿ ಡ್ಯುಟೇರಿಯಂ ಇಳಿದಿರುತ್ತದೆ, ಬೇಸಿಗೆಯಲ್ಲಿ ಮಂಜು ಕರಗಿದ ಕಡೆ ಏರಿರುತ್ತದೆ.